ರೌಂಡ್ ಹೊಡೆಸಿದರೆ ವೇಗ ಬರುತ್ತದೆಯೇ?

(ದೈಹಿಕ ಶಿಕ್ಷಕರು, ಶಾಲಾ ಮಕ್ಕಳ ಕೋಚ್‌ಗಳು ಮತ್ತು ಒಂದಿಷ್ಟು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಫೆಬ್ರವರಿ ನಿಮಗೆ ನೆನಪಿರಬಹುದು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದರು. 100 ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಇನ್ನೇನು ಬೇಕು? ದೇಶವೆಲ್ಲ ಸುದ್ದಿ. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಅಷ್ಟರಲ್ಲೇ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61ರಲ್ಲಿ ಓಡಿ ಆ ಲೆಕ್ಕವನ್ನೂ ಹಿಂದೆ ಹಾಕಿದರು.

ಆ ಗದ್ದಲದಲ್ಲಿ ನನಗೆ ಅತ್ಯಂತ ಸರಿ ಅನಿಸಿದ್ದು ಸ್ವತಃ ಶ್ರೀನಿವಾಸ ಗೌಡರ ಮಾತು. ಕಂಬಳದ ಓಟವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದರು ಅವರು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ ಜಾಸ್ತಿ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ. ಕಂಬಳದಲ್ಲಿ ಓಡುವುದು ನಾನೊಬ್ಬನೇ ಅಲ್ಲ, ಕೋಣಗಳೂ ಓಡುತ್ತವೆ ಎಂಬುದನ್ನೂ ಸೇರಿಸಿದರು. ಟಿವಿಯಲ್ಲಿ ಕೂತು ಚರ್ಚೆ ಮಾಡಿದವರಿಗಿಂತ ಚೆನ್ನಾಗಿ ಅವರಿಗೆ ವಿಷಯ ಗೊತ್ತಿತ್ತು.

ಮೊದಲು ಭಾಗಾಕಾರದ ಕಥೆ ಮುಗಿಸಿಬಿಡೋಣ. 2009ರ ಮೇ ತಿಂಗಳಲ್ಲಿ ಬೋಲ್ಟ್ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಸಿದ್ದ ನೇರ ಟ್ರ್ಯಾಕಿನಲ್ಲಿ 150 ಮೀಟರ್ ಓಡಿದ. 14.35 ಸೆಕೆಂಡ್. ಕಂಬಳದ ಹಾಗೇ ಭಾಗಿಸಿದರೆ 100 ಮೀಟರಿಗೆ 9.57 ಆಗುತ್ತದೆ. ಆದರೆ ಅದೇ ಓಟದ ಕೊನೆಯ 100 ಮೀಟರ್ ಅವನು ಓಡಿದ್ದು 8.70 ಸೆಕೆಂಡಿನಲ್ಲಿ! ಅಂದರೆ ಮೊದಲ 50 ಮೀಟರಿಗೇ 5.65 ಸೆಕೆಂಡ್ ಖರ್ಚಾಗಿತ್ತು. ನಿಂತ ಜಾಗದಿಂದ ವೇಗ ಪಡೆಯುವುದೇ ದುಬಾರಿ ಕೆಲಸ. ಆ ದುಬಾರಿ ಕೆಲಸದಲ್ಲಿ ಕಂಬಳದ ಓಟಗಾರನಿಗೆ ಎರಡು ಕೋಣಗಳು ಕೈ ಜೋಡಿಸುತ್ತವೆ. ಅವನನ್ನು ಮುಂದಕ್ಕೆ ಎಳೆಯುವ ಬಲದ ದೊಡ್ಡ ಪಾಲು ಅವುಗಳದ್ದೇ. ಹಾಗಂತ ಅದು ಸುಲಭ ಅಲ್ಲ. ಕೆಸರಿನಲ್ಲಿ, ತನ್ನ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಎಳೆಸಿಕೊಳ್ಳುತ್ತಾ, ಬೀಳದೆ ಕರೆಯ ಕೊನೆಯ ಮಂಜೊಟ್ಟಿ ಮುಟ್ಟಬೇಕಲ್ವಾ? ನಮ್ಮ ಟ್ರ್ಯಾಕ್ ಹುಡುಗರನ್ನು ಅಲ್ಲಿ ಬಿಟ್ಟರೆ ಹತ್ತನೇ ಹೆಜ್ಜೆಗೆ ಕೆಸರಲ್ಲಿರುತ್ತಾರೆ.

ಇನ್ನೊಂದು ಮಾತು. ಎಳೆದು ಓಡಿಸುವುದನ್ನು ಜಗತ್ತಿನ ದೊಡ್ಡ ಕೋಚ್‌ಗಳೂ ಮಾಡುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿ, ಯಂತ್ರದಿಂದಲೋ ರಬ್ಬರ್ ಹಗ್ಗದಿಂದಲೋ ಮುಂದಕ್ಕೆ ಎಳೆಯುತ್ತಾರೆ. ಆದರೆ ಓಟಗಾರನ ಸ್ವಂತ ವೇಗಕ್ಕಿಂತ ಶೇಕಡಾ 5ರಿಂದ 10ರಷ್ಟು ಮಾತ್ರ ಜಾಸ್ತಿ. ಅದನ್ನು ಮೀರಿದರೆ ಅವನು ಬೀಳದಿರಲು ಹಿಮ್ಮಡಿ ಊರಿ ಬ್ರೇಕ್ ಹಾಕತೊಡಗುತ್ತಾನೆ. ಹಿಮ್ಮಡಿಗೆ ಕೆಲಸ ಜಾಸ್ತಿ ಅಂತ ಗೌಡರು ಹೇಳಿದ್ದು ನೆನಪಿಸಿಕೊಳ್ಳಿ.

ಈಗ ಕೋಣಗಳನ್ನು ಬಿಚ್ಚೋಣ. ಹಗ್ಗ ಇಲ್ಲ, ಓಟಗಾರ ಒಬ್ಬನೇ ಇದ್ದಾನೆ. ಅವನ ವೇಗ ಎಲ್ಲಿಂದ ಬರುತ್ತದೆ?

ಮಕ್ಕಳನ್ನು ಕೇಳಿದರೆ ಕಾಲನ್ನು ಬೇಗ ಬೇಗ ಆಡಿಸಬೇಕು ಅಂತಾರೆ. ನಾವೂ ಗೆರೆಯ ಪಕ್ಕ ನಿಂತು ಹಾಗೇ ಕೂಗುತ್ತೇವೆ. 2000ನೇ ಇಸವಿಯಲ್ಲಿ ಪೀಟರ್ ವೇಯಾಂಡ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಈ ನಂಬಿಕೆಯನ್ನೇ ಪರೀಕ್ಷೆ ಮಾಡಿದರು. ಬಲ ಅಳೆಯುವ ಟ್ರೆಡ್‌ಮಿಲ್ ಮೇಲೆ 33 ಜನರನ್ನು ಅವರವರ ಗರಿಷ್ಠ ವೇಗದಲ್ಲಿ ಓಡಿಸಿದರು. ನಿಧಾನದವರ ವೇಗ ಸೆಕೆಂಡಿಗೆ 6.2 ಮೀಟರ್, ಚುರುಕಿನವರದು 11.1 ಮೀಟರ್. ಎಷ್ಟು ವ್ಯತ್ಯಾಸ ನೋಡಿ. ಆದರೆ ಒಂದು ಕಾಲು ನೆಲ ಬಿಟ್ಟು, ಗಾಳಿಯಲ್ಲಿ ಮುಂದೆ ಬಂದು, ಮತ್ತೆ ನೆಲ ಮುಟ್ಟಲು ತೆಗೆದುಕೊಂಡ ಸಮಯ ಇಬ್ಬರಲ್ಲೂ ಹೆಚ್ಚುಕಮ್ಮಿ ಒಂದೇ ಆಗಿತ್ತು. ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ವ್ಯತ್ಯಾಸ ಇದ್ದದ್ದು ನೆಲದಲ್ಲಿ. ಚುರುಕಿನವರು ತಮ್ಮ ತೂಕದ ಲೆಕ್ಕದಲ್ಲಿ 1.26 ಪಟ್ಟು ಹೆಚ್ಚು ಬಲವನ್ನು ನೆಲಕ್ಕೆ ಕೊಡುತ್ತಿದ್ದರು. ಅದನ್ನು ತುಂಬಾ ಕಡಿಮೆ ಹೊತ್ತಿನಲ್ಲಿ ಕೊಟ್ಟು ಮುಗಿಸುತ್ತಿದ್ದರು.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ವೇಗ ಅಂದರೆ ಕಾಲು ಗಾಳಿಯಲ್ಲಿ ಏನು ಮಾಡುತ್ತದೆ ಅನ್ನುವುದಲ್ಲ. ನೆಲಕ್ಕೆ ಎಷ್ಟು ಬಲ, ಯಾವ ದಿಕ್ಕಿಗೆ, ಎಷ್ಟು ಬೇಗ ಕೊಡುತ್ತೀರಿ ಅನ್ನುವುದು.

ಬಲ ಎಷ್ಟು ಅಂದರೆ, ಪೂರ್ತಿ ವೇಗದಲ್ಲಿರುವ ಮೇಲ್ಮಟ್ಟದ ಓಟಗಾರನ ಒಂದು ಕಾಲಿನ ಮೇಲೆ ಒಂದು ಗಳಿಗೆ ಅವನ ತೂಕದ ನಾಲ್ಕು ಪಟ್ಟಿಗಿಂತ ಜಾಸ್ತಿ ಬಲ ಬೀಳುತ್ತದೆ. 70 ಕೆ.ಜಿ. ಇದ್ದರೆ 280 ಕೆ.ಜಿ. ಭಾರಕ್ಕೆ ಸಮ. ಅದೂ ಒಂದೇ ಕಾಲಿನ ಮೇಲೆ. ಪಾದ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅತ್ಯುತ್ತಮ ಓಟಗಾರರಲ್ಲಿ 0.08ರಿಂದ 0.09. ಬೆಳಗಿನ ಜಾಗಿಂಗ್ ಮಾಡುವ ನಮ್ಮ ನಿಮ್ಮಂಥವರ ಪಾದ ಇದರ ಎರಡು ಮೂರು ಪಟ್ಟು ಹೊತ್ತು ನೆಲದಲ್ಲಿರುತ್ತದೆ.

ಇಲ್ಲೊಂದು ತೊಡಕಿದೆ. ಸ್ನಾಯು ತನ್ನ ಪೂರ್ತಿ ಬಲ ತೋರಿಸಲು ಸುಮಾರು 0.3 ಸೆಕೆಂಡ್ ಬೇಕು. ಓಟದಲ್ಲಿ ಅಷ್ಟು ಸಮಯ ಸಿಗುವುದೇ ಇಲ್ಲ. ಹಾಗಾಗಿ ಜಿಮ್‌ನಲ್ಲಿ 150 ಕೆ.ಜಿ. ಎತ್ತುವವನು ಟ್ರ್ಯಾಕಿನಲ್ಲಿ ಗೆಲ್ಲುತ್ತಾನೆ ಅಂತೇನಿಲ್ಲ. ಬಲ ಇರುವುದು ಒಂದು, ಆ ಬಲ ಥಟ್ಟನೆ ಹೊರಗೆ ಬರುವುದು ಇನ್ನೊಂದು. ಈ ಎರಡನೆಯದರಲ್ಲಿ ಪಾದದ ಗಿಣ್ಣಿಗೆ ದೊಡ್ಡ ಪಾತ್ರ ಇದೆ. ಪಾದ ನೆಲಕ್ಕೆ ಬೀಳುವಾಗ ಗಿಣ್ಣು ಬಿಗಿಯಾಗಿದ್ದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್ ಟೆಂಡನ್, ಎಳೆದುಕೊಂಡು ಥಟ್ಟನೆ ಹಿಂದಕ್ಕೆ ಬರುತ್ತದೆ. ಬಿದ್ದ ಬಲದ ಬಹುಪಾಲು ವಾಪಸ್ ಸಿಗುತ್ತದೆ. ಗಿಣ್ಣು ಸಡಿಲವಿದ್ದರೆ ಗಾಳಿ ಹೋದ ಫುಟ್‌ಬಾಲನ್ನು ನೆಲಕ್ಕೆ ಹೊಡೆದ ಹಾಗೆ. ಸದ್ದು ಬರುತ್ತದೆ, ಚೆಂಡು ಮೇಲೇಳುವುದಿಲ್ಲ. ಹುಡುಗರು ಓಡುವಾಗ ಕಣ್ಣು ಮುಚ್ಚಿ ಕೇಳಿ. ಕೆಲವರ ಪಾದದ ಸದ್ದು ಚುಟುಕಾಗಿ, ಗಟ್ಟಿಯಾಗಿರುತ್ತದೆ. ಕೆಲವರದು ಚಪ್ಪಲಿ ಎಳೆದ ಹಾಗೆ. ಸ್ಟಾಪ್‌ವಾಚ್ ನೋಡುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಪಾದ ಎಲ್ಲಿ ಬೀಳುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಹೆಜ್ಜೆ ಉದ್ದ ಹಾಕು ಅಂತ ಹೇಳಿದ ತಕ್ಷಣ ಮಕ್ಕಳು ಪಾದವನ್ನು ಮೈಗಿಂತ ತುಂಬಾ ಮುಂದೆ ಚಾಚುತ್ತಾರೆ. ನೆಲ ಅವರನ್ನು ಹಿಂದಕ್ಕೆ ತಳ್ಳುತ್ತದೆ. ಪ್ರತಿ ಹೆಜ್ಜೆಗೂ ಸಣ್ಣ ಬ್ರೇಕ್. ದಯವಿಟ್ಟು ಈ ಮಾತು ಹೇಳುವುದನ್ನು ಬಿಟ್ಟುಬಿಡಿ. ಹೆಜ್ಜೆಯ ಉದ್ದ ಚಾಚಿದ್ದರಿಂದ ಬರುವುದಿಲ್ಲ, ಹಿಂದಿನ ಹೆಜ್ಜೆ ಗಟ್ಟಿಯಾಗಿ ನೆಲ ಒದ್ದದ್ದರಿಂದ ಬರುತ್ತದೆ. ಪಾದ ಸೊಂಟದ ಕೆಳಗೆ, ಸ್ವಲ್ಪವೇ ಮುಂದೆ ಬೀಳಬೇಕು. ಬೀಳುವಾಗ ಮೇಲಿನಿಂದ ಕೆಳಕ್ಕೆ ಹೊಡೆಯುತ್ತಾ ಬರಬೇಕು. ಅದಕ್ಕಾಗಿಯೇ ಮೊಣಕಾಲು ಎತ್ತುವುದು. ಚಂದಕ್ಕಲ್ಲ, ಹೊಡೆಯಲು ಎತ್ತರ ಬೇಕು ಅಂತ. ರಾಲ್ಫ್ ಮ್ಯಾನ್ ಇದನ್ನೇ ದಶಕಗಳ ಕಾಲ ಕ್ಯಾಮೆರಾ ಇಟ್ಟು ಅಳೆದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಬೆಳ್ಳಿ ಗೆದ್ದವರು, ಆಮೇಲೆ ಓಟದ ವಿಜ್ಞಾನಿ ಆದವರು. ಅವರ ಮಾತಿನ ಸಾರ ಇಷ್ಟು: ಒಳ್ಳೆಯ ಓಟಗಾರನ ಕಾಲಿನ ಕೆಲಸವೆಲ್ಲ ಮೈಯ ಮುಂಭಾಗದಲ್ಲಿ ನಡೆಯುತ್ತದೆ. ಸಾಮಾನ್ಯ ಓಟಗಾರನ ಕಾಲು ಹಿಂದೆಯೇ ಉಳಿದುಬಿಡುತ್ತದೆ, ಹಿಮ್ಮಡಿ ಬೆನ್ನ ಹಿಂದೆ ಸುತ್ತುತ್ತಿರುತ್ತದೆ.

ಇದೆಲ್ಲ ಪೂರ್ತಿ ವೇಗ ಬಂದ ಮೇಲಿನ ಮಾತು. ಮೊದಲ 20-30 ಮೀಟರಿನ ಲೆಕ್ಕ ಬೇರೆ. ಅಲ್ಲಿ ನೆಲವನ್ನು ಕೆಳಕ್ಕಷ್ಟೇ ಅಲ್ಲ, ಹಿಂದಕ್ಕೆ ತಳ್ಳಬೇಕು. ಮೈ ಮುಂದಕ್ಕೆ ಬಾಗಿರಬೇಕು. ಮೊದಲ ಹೆಜ್ಜೆಯಲ್ಲಿ ಪಾದ ನೆಲದ ಮೇಲೆ ಸುಮಾರು 0.2 ಸೆಕೆಂಡ್ ಇರುತ್ತದೆ, ಆದ್ದರಿಂದ ಇಲ್ಲಿ ಕಚ್ಚಾ ಬಲಕ್ಕೆ ಬೆಲೆ ಜಾಸ್ತಿ. ಫ್ರಾನ್ಸಿನ ಜಾನ್ ಬೆನುವಾ ಮೊರಾಂ ಮತ್ತು ಜೊತೆಗಾರರು ತೋರಿಸಿಕೊಟ್ಟದ್ದು ಏನೆಂದರೆ, ಈ ಹಂತದಲ್ಲಿ ಒಟ್ಟು ಬಲಕ್ಕಿಂತ ಅದರ ದಿಕ್ಕು ದೊಡ್ಡದು. ಇಬ್ಬರಿಗೂ ಒಂದೇ ಬಲ ಇದ್ದರೂ, ಅದನ್ನು ಹಿಂದಕ್ಕೆ ತಿರುಗಿಸಬಲ್ಲವನು ಮುಂದೆ ಹೋಗುತ್ತಾನೆ. ನಮ್ಮ ಮಕ್ಕಳು ಮಾಡುವುದೇನು? ಸೀಟಿ ಊದಿದ ಎರಡನೇ ಹೆಜ್ಜೆಗೆ ನೆಟ್ಟಗೆ ನಿಂತು, ಪಕ್ಕದವನು ಎಲ್ಲಿದ್ದಾನೆ ಅಂತ ನೋಡುತ್ತಾರೆ!

ಸ್ಟಾರ್ಟ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಇದಕ್ಕೆ ಸಲ್ಲದ ಮಹತ್ವ ಇದೆ. ಬರ್ಲಿನ್‌ನಲ್ಲಿ 2009ರ ಆಗಸ್ಟ್ 16ರಂದು ಬೋಲ್ಟ್ 9.58 ಓಡಿದಾಗ ಗುಂಡಿನ ಸದ್ದಿಗೆ ಅವನು ಪ್ರತಿಕ್ರಿಯಿಸಿದ್ದು 0.146 ಸೆಕೆಂಡಿಗೆ. ಎರಡನೆಯವನಾದ ಟೈಸನ್ ಗೇ 0.144, ಮೂರನೆಯವನಾದ ಅಸಾಫಾ ಪೊವೆಲ್ 0.134. ಮೂವರಲ್ಲಿ ತಡವಾಗಿ ಎದ್ದವನೇ ಗೆದ್ದ. ಸದ್ದಿಗೆ ಬೇಗ ಏಳುವುದರಲ್ಲಿ ಸಿಗುವ ಲಾಭ ಸೆಕೆಂಡಿನ ನೂರರ ಒಂದೆರಡು ಭಾಗ. 0.1 ಸೆಕೆಂಡಿಗಿಂತ ಬೇಗ ಎದ್ದರೆ ನಿಯಮದ ಪ್ರಕಾರ ಫೌಲ್. 2022ರ ವಿಶ್ವ ಚಾಂಪಿಯನ್‌ಷಿಪ್‌ನ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಆಲನ್ 0.099ಕ್ಕೆ ಎದ್ದು ಹೊರಗೆ ಹೋದ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ!

ಅದೇ ಬರ್ಲಿನ್ ಓಟದ ಬಿಡಿ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. 20 ಮೀಟರಿಗೆ 2.89, 40ಕ್ಕೆ 4.64, 60ಕ್ಕೆ 6.31, 80ಕ್ಕೆ 7.92, ಕೊನೆಗೆ 9.58. ಕಳೆದು ನೋಡಿ. 60ರಿಂದ 80 ಮೀಟರ್‌ವರೆಗೆ 1.61 ಸೆಕೆಂಡ್, ಅಂದರೆ ಗಂಟೆಗೆ 44 ಕಿಲೋಮೀಟರಿಗಿಂತ ಜಾಸ್ತಿ. ಕೊನೆಯ 20 ಮೀಟರಿಗೆ 1.66. ಅವನೂ ನಿಧಾನವಾದ. ಟಿವಿಯಲ್ಲಿ ನೋಡುವಾಗ ಕೊನೆಯಲ್ಲಿ ಅವನು ಇನ್ನೂ ಜೋರಾದ ಹಾಗೆ ಕಾಣುತ್ತದೆ. ನಿಜದಲ್ಲಿ ಉಳಿದವರು ಅವನಿಗಿಂತ ಜಾಸ್ತಿ ನಿಧಾನವಾಗುತ್ತಿರುತ್ತಾರೆ. ಅವರ ಮಟ್ಟದವರು 60 ಮೀಟರ್‌ವರೆಗೂ ವೇಗ ಏರಿಸುತ್ತಾ ಹೋಗುತ್ತಾರೆ. ನಮ್ಮ ಶಾಲಾ ಮಕ್ಕಳ ವೇಗ 30-40 ಮೀಟರಿಗೇ ತುದಿ ಮುಟ್ಟಿರುತ್ತದೆ. ಉಳಿದ 60 ಮೀಟರ್ ಆ ವೇಗ ಸೋರಿಹೋಗದ ಹಾಗೆ ನೋಡಿಕೊಳ್ಳುವ ಕೆಲಸ. ಕೊನೆಯಲ್ಲಿ ಜೋರು ಮಾಡು ಅಂತ ಕೂಗಿದರೆ ಭುಜ ಬಿಗಿಯುತ್ತದೆ, ಮುಖ ಕಿವುಚುತ್ತದೆ, ವೇಗ ಇನ್ನಷ್ಟು ಇಳಿಯುತ್ತದೆ.

ಸರಿ, ಅಭ್ಯಾಸಕ್ಕೆ ಬರೋಣ. ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂದರೆ ನಮ್ಮ ಶಾಲೆಗಳಲ್ಲಿ ಏನಾಗುತ್ತದೆ? 100 ಮೀಟರ್ ಓಡುವ ಹುಡುಗಿಗೂ, 3000 ಮೀಟರ್ ಓಡುವ ಹುಡುಗನಿಗೂ, ಗುಂಡು ಎಸೆಯುವವನಿಗೂ ಒಂದೇ ಶಾಸ್ತ್ರ. ಮೈದಾನಕ್ಕೆ ಐದು ರೌಂಡ್, ಆಮೇಲೆ ಐವತ್ತು ಬಸ್ಕಿ, ಆಮೇಲೆ ಉಸಿರು ಬಿಡಲು ಪುರುಸೊತ್ತು ಕೊಡದೆ ಹತ್ತು ಸಲ 100 ಮೀಟರ್. ಮಕ್ಕಳು ಸುಸ್ತಾಗಿ ಬಿದ್ದರೆ ಒಳ್ಳೆ ಪ್ರಾಕ್ಟೀಸ್ ಆಯ್ತು ಅಂತ ನಮಗೆ ಸಮಾಧಾನ.

ನನಗಿದು ಸರಿ ಕಾಣುವುದಿಲ್ಲ. ಹತ್ತು ಸಲ ಓಡಿದ ಹುಡುಗಿ ನಿಜವಾಗಿ ಜೋರಾಗಿ ಓಡಿದ್ದು ಮೊದಲ ಒಂದೆರಡು ಸಲ. ಉಳಿದ ಎಂಟು ಸಲ ಅವಳು ಅಭ್ಯಾಸ ಮಾಡಿದ್ದು ನಿಧಾನ ಓಟವನ್ನು, ಅದೂ ಸೊಂಟ ಕುಸಿದು, ಪಾದ ಎಳೆದುಕೊಂಡು. ಮೈ ಅದನ್ನೇ ಕಲಿಯುತ್ತದೆ. ಪೂರ್ತಿ ಬಲದಲ್ಲಿ ಓಡುವಾಗ ಸ್ನಾಯು ಬಳಸುವ ತಕ್ಷಣದ ಇಂಧನ, ಕ್ರಿಯಾಟಿನ್ ಫಾಸ್ಫೇಟ್, ಕೆಲವೇ ಸೆಕೆಂಡಿಗೆ ಬಹುಪಾಲು ಇಳಿದುಹೋಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಕೋಚ್‌ಗಳ ನಡುವೆ ಒಂದು ಸುಲಭದ ಲೆಕ್ಕ ಇದೆ: ಪೂರ್ತಿ ವೇಗದಲ್ಲಿ ಓಡಿದ ಪ್ರತಿ 10 ಮೀಟರಿಗೆ ಒಂದು ನಿಮಿಷ ಬಿಡುವು. 30 ಮೀಟರ್ ಓಡಿದರೆ ಮೂರು ನಿಮಿಷ. ಹೆಡ್ ಮಾಸ್ಟರ್ ಮೈದಾನಕ್ಕೆ ಬಂದರೆ ಮಕ್ಕಳು ಸುಮ್ನೆ ಕೂತಿದ್ದಾರಲ್ಲ ಅಂತ ಕೇಳುತ್ತಾರೆ, ನನಗೆ ಗೊತ್ತು. ಅವರಿಗೂ ಈ ಲೆಕ್ಕ ಹೇಳಿಬಿಡಿ.

ಕೆನಡಾದ ಚಾರ್ಲಿ ಫ್ರಾನ್ಸಿಸ್ ಅನ್ನುವ ಕೋಚ್ ಹೆಸರನ್ನು ಇಲ್ಲಿ ಹೇಳಲೇಬೇಕು, ಮುಜುಗರದಿಂದಲೇ. ಬೆನ್ ಜಾನ್ಸನ್‌ನ ಗುರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಜಾನ್ಸನ್ 9.79 ಓಡಿ, ಸ್ಟಾನೊಜೊಲಾಲ್ ಎಂಬ ನಿಷೇಧಿತ ಔಷಧ ಸೇವಿಸಿ ಸಿಕ್ಕಿಬಿದ್ದು ಪದಕ ಕಳೆದುಕೊಂಡ. ಮುಂದಿನ ವರ್ಷ ವಿಚಾರಣೆಯಲ್ಲಿ ಫ್ರಾನ್ಸಿಸ್ ಎಲ್ಲವನ್ನೂ ಒಪ್ಪಿಕೊಂಡರು. ಆ ಔಷಧದ ವ್ಯವಹಾರವನ್ನು ಯಾರೂ ಸಮರ್ಥಿಸಲಾರರು. ಆದರೆ ಅಭ್ಯಾಸವನ್ನು ಅವರು ಹಂಚಿದ ರೀತಿಯನ್ನು ಇವತ್ತಿಗೂ ಪ್ರಪಂಚದ ತುಂಬಾ ಕೋಚ್‌ಗಳು ಅನುಸರಿಸುತ್ತಾರೆ. ಜೋರು ದಿನ ಪೂರ್ತಿ ಜೋರು, ತನ್ನ ಗರಿಷ್ಠದ ಶೇಕಡಾ 95ಕ್ಕಿಂತ ಮೇಲೆ. ಹಗುರ ದಿನ ನಿಜವಾಗಿ ಹಗುರ, ಶೇಕಡಾ 75ರ ಕೆಳಗೆ. ನಡುವಿನ ಓಟ ಬೇಡ. ಅದು ವೇಗ ಕಲಿಸುವಷ್ಟು ಜೋರೂ ಅಲ್ಲ, ಮೈಗೆ ಚೇತರಿಕೆ ಕೊಡುವಷ್ಟು ನಿಧಾನವೂ ಅಲ್ಲ. ನಮ್ಮ ಶಾಲಾ ಮೈದಾನದಲ್ಲಿ ನಡೆಯುವುದು ಬಹುತೇಕ ಈ ನಡುವಿನ ಓಟವೇ.

ಹಾಗಾದರೆ ಏನು ಮಾಡಿಸುವುದು? ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಜೋರು ದಿನ ಸಾಕು. ನಡುವೆ 48 ಗಂಟೆ ಬಿಡಿ. ಒಂದು ದಿನ 10ರಿಂದ 30 ಮೀಟರಿನ ಓಟಗಳು, ಐದಾರು ಸಲ, ಮೈ ಬಗ್ಗಿಸಿ, ನೆಲವನ್ನು ಹಿಂದಕ್ಕೆ ತಳ್ಳುವುದನ್ನೇ ಗಮನಿಸುತ್ತಾ. ಪಾದ ಒತ್ತಿ ಹೊರಡುವ ಸ್ಟಾರ್ಟಿಂಗ್ ಬ್ಲಾಕ್ ಇಲ್ಲದಿದ್ದರೆ ಚಿಂತೆ ಬೇಡ. ಸಣ್ಣ ಏರು ರಸ್ತೆ ಸಿಕ್ಕರೆ ಅಲ್ಲೇ ಓಡಿಸಿ. ಏರಿನಲ್ಲಿ ಮೈ ತಾನಾಗಿ ಬಾಗುತ್ತದೆ, ಪಾದ ಮುಂದೆ ಚಾಚಲು ಆಗುವುದೇ ಇಲ್ಲ. ನೀವು ಬಾಯಲ್ಲಿ ಹೇಳುವುದನ್ನು ರಸ್ತೆಯೇ ಹೇಳಿಕೊಡುತ್ತದೆ. ಮಲೆನಾಡಿನ, ಕರಾವಳಿಯ ಶಾಲೆಗಳಿಗೆ ಇದಕ್ಕೆ ಕೊರತೆ ಇಲ್ಲ. ಬಯಲುಸೀಮೆಯವರು ಹಳೆಯ ಟೈರಿಗೆ ಹಗ್ಗ ಕಟ್ಟಿ ಎಳೆಸಬಹುದು.

ಇನ್ನೊಂದು ದಿನ ಪೂರ್ತಿ ವೇಗದ್ದು. ಎರಡು ಸುಣ್ಣದ ಗೆರೆ ಹಾಕಿ, ನಡುವೆ 20 ಮೀಟರ್. ಮೊದಲ ಗೆರೆಗೆ 25-30 ಮೀಟರ್ ಹಿಂದಿನಿಂದ ನಿಧಾನವಾಗಿ ವೇಗ ಏರಿಸುತ್ತಾ ಬರಲಿ. ಗೆರೆ ದಾಟಿದ ಮೇಲೆ 20 ಮೀಟರ್ ಮಾತ್ರ ಸಿಡಿಯಲಿ. ಮೂರರಿಂದ ಐದು ಸಲ ಸಾಕು. ಸಮಯ ಬರೆದಿಡಿ. ಸಮಯ ಇಳಿಯುವುದು ನಿಂತು ಏರತೊಡಗಿದರೆ ಆವತ್ತಿಗೆ ಮುಗಿಯಿತು, ಮನೆಗೆ ಕಳಿಸಿ. ಇನ್ನೊಂದು ಓಡ್ತೀನಿ ಸಾರ್ ಅಂತ ಅವರು ಹಟ ಮಾಡಿದರೂ ಸರಿಯೇ. ಒಟ್ಟು ಜೋರು ಓಟ ಒಂದು ದಿನಕ್ಕೆ 300 ಮೀಟರ್ ದಾಟಬೇಕಾಗಿಲ್ಲ. ಕೇಳಲು ಎಷ್ಟು ಕಡಿಮೆ ಅನಿಸುತ್ತದೆ ಅಲ್ವಾ?

ಜಿಗಿತಗಳನ್ನು ಬಿಡಬೇಡಿ. ಸ್ಕಿಪ್ಪಿಂಗ್ ಹಗ್ಗ, ಎರಡೂ ಕಾಲಿನ ಪುಟಿತ, ಕುಂಟೋಟ, ಒಂದೊಂದೇ ಕಾಲಲ್ಲಿ ಹಾರುತ್ತಾ ಸಾಗುವ ಬೌಂಡಿಂಗ್. ನಮ್ಮ ಕುಂಟಾಬಿಲ್ಲೆಯೂ ಈ ಜಾತಿಗೇ ಸೇರಿದ್ದು. ಇವೆಲ್ಲ ಪಾದದ ಗಿಣ್ಣಿಗೆ ಬಿಗಿ ಕಲಿಸುತ್ತವೆ. ಸೋವಿಯತ್ ದೇಶದ ಯೂರಿ ವೆರ್ಖೊಷಾನ್‌ಸ್ಕಿ 1960ರ ದಶಕದಲ್ಲಿ ಎತ್ತರದಿಂದ ಧುಮುಕಿ ತಕ್ಷಣ ಪುಟಿದೇಳುವ ವ್ಯಾಯಾಮವನ್ನು ಪದ್ಧತಿಯಾಗಿ ಕಟ್ಟಿದರು. ಪರಿಣಾಮ ದೊಡ್ಡದು, ಪೆಟ್ಟೂ ದೊಡ್ಡದು. ಅದು ಬಲಿತ ಓಟಗಾರರಿಗೆ. ಹೈಸ್ಕೂಲ್ ಮಕ್ಕಳನ್ನು ಸ್ಟೇಜಿನಿಂದ ಧುಮುಕಿಸಬೇಡಿ.

ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಓಟಗಾರನ ಹಳೆಯ ಶತ್ರು. ಅದು ಹಿಡಿದುಕೊಳ್ಳುವುದು ಹೆಚ್ಚಾಗಿ ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು. ಆಗ ಮುಂದೆ ಬೀಸುತ್ತಿರುವ ಕಾಲನ್ನು ಅದು ತಡೆದು ನಿಲ್ಲಿಸಬೇಕು. ಉದ್ದವಾಗಿ ಎಳೆದುಕೊಳ್ಳುತ್ತಲೇ ಬಲವನ್ನೂ ಕೊಡಬೇಕು. ಇದಕ್ಕೆ ನಾರ್ಡಿಕ್ ಎಂಬ ವ್ಯಾಯಾಮ ಇದೆ. ಮಂಡಿಯೂರಿ ಕೂತು, ಗೆಳೆಯ ಹಿಂದಿನಿಂದ ಎರಡೂ ಪಾದದ ಗಿಣ್ಣು ಹಿಡಿದುಕೊಳ್ಳಬೇಕು. ಮೈ ನೇರ ಇಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಇನ್ನು ತಡೆಯಲಾಗದು ಅನಿಸಿದಾಗ ಕೈ ಊರಬೇಕು. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರರಲ್ಲಿ ಇದನ್ನು ಮಾಡಿಸಿ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪೆಟ್ಟುಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ಖರ್ಚು ಒಂದು ಪೈಸೆ ಇಲ್ಲ. ಒಂದು ಗೋಣಿಚೀಲ ಹಾಸಿದರೆ ಆಯಿತು. ಶುರುವಿನಲ್ಲಿ ನಾಲ್ಕೈದು ಸಲಕ್ಕಿಂತ ಜಾಸ್ತಿ ಬೇಡ, ಮರುದಿನ ನಡೆಯಲಾಗದಷ್ಟು ನೋಯುತ್ತದೆ. ಜೋರು ಓಟದ ಮೊದಲು ಕಾಲು ಚಾಚಿ ನಿಮಿಷಗಟ್ಟಲೆ ಹಿಡಿದು ಕೂರುವ ಸ್ಟ್ರೆಚಿಂಗೂ ಬೇಡ. ಓಡುತ್ತಾ, ಕಾಲು ಬೀಸುತ್ತಾ ಮೈ ಬಿಸಿ ಮಾಡಿಕೊಳ್ಳಲಿ.

ದೂರದ ಓಟದವರು ಇದೆಲ್ಲ ನಮಗಲ್ಲ ಅಂದುಕೊಂಡಿರಬಹುದು. ಬೆಂಗಳೂರಿನ 10ಕೆ ಓಡುವ ಒಂದಿಬ್ಬರು ಪೋಷಕರು ಇಲ್ಲಿ ಇದ್ದಾರೆ. ಫಿನ್ಲೆಂಡ್‌ನಲ್ಲಿ ಒಂದು ಗುಂಪು ದೂರ ಓಟಗಾರರ ಅಭ್ಯಾಸದಲ್ಲಿ ಒಂದಿಷ್ಟು ಭಾಗ ತೆಗೆದು, ಆ ಜಾಗದಲ್ಲಿ ಸಣ್ಣ ಸ್ಪ್ರಿಂಟ್ ಮತ್ತು ಜಿಗಿತ ಹಾಕಿದರು. ಒಂಬತ್ತು ವಾರ. 1999ರಲ್ಲಿ ಫಲಿತಾಂಶ ಬಂತು. ಅವರ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಏರಲಿಲ್ಲ, ಆದರೂ 5 ಕಿಲೋಮೀಟರ್ ಸಮಯ ಇಳಿಯಿತು. ಅದೇ ದಮ್ಮಿನಲ್ಲಿ ಜಾಸ್ತಿ ದೂರ. ಮೊಬೈಲ್ ಆ್ಯಪ್‌ಗಳು ಹೇಳುವ ನಿಮಿಷಕ್ಕೆ 180 ಹೆಜ್ಜೆಯ ಮಂತ್ರವನ್ನೂ ಕೇಳಿರುತ್ತೀರಿ. ಅದು ಜಾಕ್ ಡೇನಿಯಲ್ಸ್ ಎಂಬ ಕೋಚ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದಾಗ ಸಿಕ್ಕ ಸಂಖ್ಯೆ. ಒಲಿಂಪಿಕ್ಸ್ ಸ್ಪರ್ಧೆಯ ವೇಗದ ಲೆಕ್ಕ ಅದು. ಬೆಳಿಗ್ಗೆ ಪಾರ್ಕಿನಲ್ಲಿ ನಿಧಾನವಾಗಿ ಓಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಹಿರಿಯ ಮೇಷ್ಟ್ರೊಬ್ಬರು ಎದ್ದು, ಇದೆಲ್ಲ ಸರಿ, ಆದರೆ ನಮ್ಮ ಮೈಕಟ್ಟಿಗೆ ಸ್ಪ್ರಿಂಟ್ ಒಗ್ಗುವುದಿಲ್ಲ ಅಲ್ವೇ ಎಂದರು. ಬೋಲ್ಟ್ ಆರೂವರೆ ಅಡಿ ಹತ್ತಿರ ಇದ್ದಾನೆ, 41 ಹೆಜ್ಜೆಗೆ ಮುಗಿಸುತ್ತಾನೆ, ನಮ್ಮ ಹುಡುಗರು ಏನು ಮಾಡಬೇಕು?

ನಾನು ಚೀನಾದ ಸು ಬಿಂಗ್‌ಟಿಯಾನ್ ಹೆಸರು ಹೇಳಿದೆ. ಎತ್ತರ 1.72 ಮೀಟರ್. ನಮ್ಮ ಯಾವುದೇ ಕಾಲೇಜಿನಲ್ಲಿ ಸಿಗುವ ಎತ್ತರ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ 9.83 ಓಡಿದ. ಆಗ ಅವನ ವಯಸ್ಸು 31. ಆ ಓಟದಲ್ಲಿ ಮೊದಲ 60 ಮೀಟರ್ 6.29. ಬರ್ಲಿನ್‌ನಲ್ಲಿ ಬೋಲ್ಟ್‌ನ 60 ಮೀಟರ್ 6.31 ಅಂತ ಆಗಲೇ ಹೇಳಿದೆನಲ್ಲ. ಅಲ್ಲಿಯವರೆಗೆ ಸು ಮುಂದಿದ್ದ! ಬ್ಲಾಕಿನಲ್ಲಿ ಮುಂದಿಡುವ ಕಾಲನ್ನೇ ಅವನು ತನ್ನ ಓಟದ ಬದುಕಿನ ನಡುವೆ ಬದಲಾಯಿಸಿಕೊಂಡ. ಹುಟ್ಟಿನಿಂದ ಬರುವುದು ತುಂಬಾ ಇದೆ, ಇಲ್ಲ ಅನ್ನುವುದಿಲ್ಲ. ವೇಗದ ಸ್ನಾಯುತಂತುಗಳ ಪಾಲು ಎಲ್ಲರಿಗೂ ಒಂದೇ ಅಲ್ಲ. ಆದರೆ ಮೈಕಟ್ಟಿನ ನೆಪ ಹೇಳುವಷ್ಟು ಕೆಲಸ ನಾವಿನ್ನೂ ಮಾಡಿಲ್ಲ. ಭಾರತದ 100 ಮೀಟರ್ ದಾಖಲೆ ನೋಡಿ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮ ಮಣಿಕಂಠ ಹೋಬಳಿದಾರ್ 10.23 ಓಡಿದರು. 2025ರ ಮಾರ್ಚ್‌ನಲ್ಲಿ ಮತ್ತೆ ಬೆಂಗಳೂರಿನಲ್ಲೇ ಗುರಿಂದರ್‌ವೀರ್ ಸಿಂಗ್ 10.20, ಬೆನ್ನಿಗೇ ಮಣಿಕಂಠ 10.22. ಅದೇ ಜುಲೈಯಲ್ಲಿ ಗ್ರೀಸಿನಲ್ಲಿ ಅನಿಮೇಶ್ ಕುಜೂರ್ 10.18. ಎರಡು ವರ್ಷದೊಳಗೆ ಮೂರು ಸಲ ದಾಖಲೆ ಇಳಿದಿದೆ. ಮೈಕಟ್ಟು ಎರಡು ವರ್ಷದಲ್ಲಿ ಬದಲಾಗುವುದಿಲ್ಲ.

ಬರಿಗಾಲಲ್ಲಿ ಓಡಿಸಬಹುದೇ ಎಂದು ಇನ್ನೊಬ್ಬರು ಕೇಳಿದರು. ಕಲ್ಲು, ಗಾಜು ಇಲ್ಲದ ಹುಲ್ಲಿನ ಮೈದಾನವಾದರೆ ಹಗುರ ಓಟಕ್ಕೆ ಧಾರಾಳವಾಗಿ. ಪಾದಕ್ಕೆ ಒಳ್ಳೆಯದೇ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಮಾತ್ರ ಸ್ಪೈಕ್ಸ್ (ತಳದಲ್ಲಿ ಮೊಳೆ ಇರುವ ಶೂ) ಮೊದಲೇ ಅಭ್ಯಾಸ ಇರಬೇಕು. ಸ್ಪರ್ಧೆಯ ದಿನ ಗೆಳೆಯನ ಸ್ಪೈಕ್ಸ್ ಕೇಳಿ ಹಾಕಿಕೊಂಡು ಓಡಿದರೆ ಮೀನಖಂಡ ಹಿಡಿದುಕೊಳ್ಳುವುದು ಖಂಡಿತ.

ಒಬ್ಬ ತಾಯಿ, ಮಗಳಿಗೆ 13 ವರ್ಷ, ಭಾರ ಎತ್ತಿಸಿದರೆ ಬೆಳವಣಿಗೆ ನಿಲ್ಲುತ್ತದೆ ಅಂತಾರೆ, ಹೌದೇ ಎಂದರು. ಇಲ್ಲಮ್ಮ. ಸರಿಯಾಗಿ ಹೇಳಿಕೊಡುವವರು ಪಕ್ಕದಲ್ಲಿದ್ದು, ಹಗುರವಾಗಿ ಶುರು ಮಾಡಿದರೆ ಬೆಳವಣಿಗೆಗೆ ತೊಂದರೆ ಇಲ್ಲ. ಆದರೆ ಆ ವಯಸ್ಸಿಗೆ ಅವಸರವೂ ಇಲ್ಲ. ತನ್ನ ಮೈಭಾರದಲ್ಲೇ ಬಸ್ಕಿ, ಜಿಗಿತ, ಮರ ಹತ್ತುವುದು, ಕಬಡ್ಡಿ, ಖೋಖೋ. ಖೋಖೋ ಆಡುವ ಮಕ್ಕಳ ಮೊದಲ ಮೂರು ಹೆಜ್ಜೆ ನೋಡಿ, ಯಾವ ಡ್ರಿಲ್ಲೂ ಬೇಡ.

ಕೊನೆಗೆ ಒಬ್ಬ ತಂದೆ, ಮಗ 100 ಮೀಟರನ್ನು 11.2ರಲ್ಲಿ ಓಡುತ್ತಾನೆ, ರಾಜ್ಯ ಮಟ್ಟದಲ್ಲಿ ನಡೆಯುತ್ತದೆಯೇ ಎಂದರು. ಯಾರು ಸಮಯ ತೆಗೆದದ್ದು ಅಂತ ಕೇಳಿದೆ. ನಾನೇ, ಮೊಬೈಲ್‌ನಲ್ಲಿ ಎಂದರು. ಕೈಯಲ್ಲಿ ಒತ್ತಿದ ಸಮಯ ಯಾವಾಗಲೂ ಉದಾರಿ. ಸದ್ದು ಕೇಳಿ ನಾವು ಒತ್ತುವುದು ತಡ, ಗೆರೆ ಹತ್ತಿರ ಬರುವುದು ಕಾಣುತ್ತಿರುವುದರಿಂದ ನಿಲ್ಲಿಸುವುದು ಬೇಗ. 100 ಮೀಟರಿಗೆ 0.24 ಸೆಕೆಂಡ್ ಸೇರಿಸುವುದು ವಾಡಿಕೆ. ಆಗ ಮಗನ ಸಮಯ 11.44 ಆಗುತ್ತದೆ. ಹಿಂದಿನಿಂದ ಗಾಳಿ ಇತ್ತೇ? ಸೆಕೆಂಡಿಗೆ 2 ಮೀಟರ್ ದಾಟಿದ ಗಾಳಿಯಲ್ಲಿ ಓಡಿದ್ದು ದಾಖಲೆಗೆ ಲೆಕ್ಕಕ್ಕಿಲ್ಲ. 100 ಮೀಟರ್ ಅಳೆದದ್ದು ಟೇಪಿನಲ್ಲೋ ಹೆಜ್ಜೆಯಲ್ಲೋ? ಅವರು ನಕ್ಕರು. ಟೇಪ್ ಹಿಡಿದು ಅಳೆಯಿರಿ, ಸ್ಟಾರ್ಟ್ ಗೆರೆಯಲ್ಲಿ ಬೇರೆಯವರನ್ನು ನಿಲ್ಲಿಸಿ, ಬಾವುಟ ಕೆಳಗಿಳಿದದ್ದನ್ನು ಕಣ್ಣಲ್ಲಿ ನೋಡಿ ಒತ್ತಿರಿ, ಒಂದೇ ಬೆರಳಲ್ಲಿ. ಆಮೇಲೆ ಬಂದ ಸಮಯ ಹೇಳಿ, ಮಾತಾಡೋಣ ಎಂದೆ.